ಟಾರ್ಚ್: ಬೆಳಕಿನ ಪ್ರಮಾಣ, ಕಿರಣಪುಂಜ ಮತ್ತು ವರ್ಣತಾಪ

ಟಾರ್ಚ್ ಎಂಬುದು ಕೈಯಲ್ಲಿ ಹಿಡಿದೋ ತಲೆಗೆ ಕಟ್ಟಿಕೊಂಡೋ ಬಳಸುವ, ಒಳಗಿನ ವಿದ್ಯುತ್ಕೋಶದಿಂದಲೇ ಉರಿಯುವ, ಬೆಳಕನ್ನು ಒಂದು ದಿಕ್ಕಿಗೆ ಹರಿಸುವ ವಿದ್ಯುದ್ದೀಪ. ಇದರ ಗಟ್ಟಿಮುಟ್ಟಾದ, ಹೆಚ್ಚು ಪ್ರಖರವಾದ, ಪೊಲೀಸ್ ಮತ್ತು ಸೇನೆಯ ಕೆಲಸಕ್ಕೆಂದು ರೂಪಿಸಿದ ಬಗೆಗೆ ಟ್ಯಾಕ್ಟಿಕಲ್ ಟಾರ್ಚ್ ಎಂದು ಹೆಸರು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಟಾರ್ಚನ್ನು ಬ್ಯಾಟರಿ ಎಂದೂ ಅದರೊಳಗಿನ ಕೋಶವನ್ನು ಸೆಲ್ ಎಂದೂ ಕರೆಯುವುದು ರೂಢಿ. ಒಂದು ಟಾರ್ಚನ್ನು ಇನ್ನೊಂದರೊಂದಿಗೆ ಹೋಲಿಸಲು ಮುಖ್ಯವಾಗಿ ಮೂರು ಗುಣಗಳನ್ನು ಅಳೆಯುತ್ತಾರೆ: ಹೊರಬರುವ ಬೆಳಕಿನ ಪ್ರಮಾಣ, ಆ ಬೆಳಕು ಹರಡಿಕೊಳ್ಳುವ ಕಿರಣಪುಂಜದ ಆಕಾರ, ಬೆಳಕಿನ ಬಣ್ಣವನ್ನು ಸೂಚಿಸುವ ವರ್ಣತಾಪ. ಅಂಗಡಿಯಲ್ಲಿ ಮೊದಲನೆಯದರ ಮಾತೇ ಹೆಚ್ಚು. ರಾತ್ರಿ ಹೊಲದಲ್ಲಿ ಉಳಿದೆರಡರ ಪಾಲು ಅದಕ್ಕಿಂತ ಕಡಿಮೆಯಲ್ಲ.

ಹುಟ್ಟು ಮತ್ತು ಬೆಳವಣಿಗೆ

ಕೈಯಲ್ಲಿ ಒಯ್ಯುವ ವಿದ್ಯುದ್ದೀಪಕ್ಕೆ ದಾರಿಯಾದದ್ದು ಒಣಕೋಶ. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಕೋಶದಲ್ಲಿ ದ್ರವವಿತ್ತು. ಓರೆ ಮಾಡಿದರೆ ಚೆಲ್ಲುತ್ತಿತ್ತು. 1880ರ ದಶಕದಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ಆ ದ್ರವದ ಜಾಗದಲ್ಲಿ ಲೇಪವನ್ನು ಬಳಸಿದ ಮೇಲೆ ಕೋಶವನ್ನು ಹೇಗೆ ಬೇಕಾದರೂ ಹಿಡಿಯಲು ಬಂತು. ಡೇವಿಡ್ ಮಿಸೆಲ್ 1899ರ ಜನವರಿ 10ರಂದು ಅಮೆರಿಕದಲ್ಲಿ ಪಡೆದ ಪೇಟೆಂಟಿನಲ್ಲಿ ಕೊಳವೆಯೊಳಗೆ ಸಾಲಾಗಿ ಕೂರಿಸಿದ ಕೋಶಗಳು, ತುದಿಯಲ್ಲಿ ಬುರುಡೆ, ಅದರ ಹಿಂದೆ ಪ್ರತಿಫಲಕ ಇರುವ ಇಂದಿನ ಟಾರ್ಚಿನ ವಿನ್ಯಾಸವೇ ಕಾಣುತ್ತದೆ. ಹಕ್ಕು ಕಾನ್ರಾಡ್ ಹ್ಯೂಬರ್ಟರ ಕಂಪನಿಗೆ ಸೇರಿತು. ಎವರೆಡಿ ಎಂಬ ಹೆಸರು ಬೆಳೆದದ್ದು ಅಲ್ಲಿಂದ. ಮೊದಲ ಟಾರ್ಚುಗಳ ಇಂಗಾಲದ ತಂತಿ ಕೋಶವನ್ನು ಬೇಗ ಬಸಿದುಬಿಡುತ್ತಿತ್ತು. ಆದ್ದರಿಂದ ಅವನ್ನು ಕ್ಷಣಕಾಲ ಮಾತ್ರ ಹೊತ್ತಿಸಿ ಆರಿಸಬೇಕಾಗುತ್ತಿತ್ತು. ಟಂಗ್‌ಸ್ಟನ್ ತಂತಿ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ತೀರಿತು. ಮೊದಲ ಬಳಕೆದಾರರಲ್ಲಿ ನ್ಯೂಯಾರ್ಕಿನ ಪೊಲೀಸರೂ ಇದ್ದರು.

ಭಾರತಕ್ಕೆ ಒಣಕೋಶ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ, ಆಮದು ಸರಕಾಗಿ. ಕೋಲ್ಕತ್ತದಲ್ಲಿ 1939ರಲ್ಲಿ ಕೋಶದ ತಯಾರಿಕೆಯೂ ಲಖನೌದಲ್ಲಿ 1958ರಲ್ಲಿ ಟಾರ್ಚಿನ ತಯಾರಿಕೆಯೂ ಆರಂಭವಾದವು. ಎವರೆಡಿ ಮತ್ತು ಅಲಹಾಬಾದಿನ ಜೀಪ್ ಹೆಸರಿನ, ಎರಡು ಇಲ್ಲವೆ ಮೂರು ದೊಡ್ಡ ಸೆಲ್ಲಿನ ಲೋಹದ ಟಾರ್ಚುಗಳು ಹಳ್ಳಿಗಳನ್ನು ತಲುಪಿದ್ದು ಇದೇ ಕಾಲಘಟ್ಟದಲ್ಲಿ. ಅದುವರೆಗೆ ರಾತ್ರಿಯ ಓಡಾಟಕ್ಕೆ ಕಂದೀಲು, ಜಾತ್ರೆ ಮೆರವಣಿಗೆಗಳಿಗೆ ಹಿಲಾಲು ಮತ್ತು ಗ್ಯಾಸ್‌ಬತ್ತಿ ಇದ್ದವು. ಅವುಗಳ ಬೆಳಕು ಎಲ್ಲ ಕಡೆಗೂ ಚದುರುವಂಥದು. ಬೆಳಕನ್ನು ಬೇಕಾದತ್ತ ತಿರುಗಿಸುವ ಸೌಕರ್ಯ ಹಳ್ಳಿಗೆ ಟಾರ್ಚಿನಿಂದ ಬಂತು.

ಟ್ಯಾಕ್ಟಿಕಲ್ ಬಗೆಯ ಹಿನ್ನೆಲೆ ಅಮೆರಿಕದ್ದು. 1979ರಲ್ಲಿ ಬಂದ ಮ್ಯಾಗ್‌ಲೈಟ್, ಅಲ್ಯೂಮಿನಿಯಮ್ ಒಡಲಿನ ಉದ್ದನೆಯ ಟಾರ್ಚನ್ನು ಅಲ್ಲಿನ ಪೊಲೀಸರ ಕೈಗಿತ್ತಿತು. 1980ರ ದಶಕದಲ್ಲಿ ಶ್ಯೂರ್‌ಫೈರ್ ಕಂಪನಿಯ 6ಪಿ ಮಾದರಿ 3 ವೋಲ್ಟಿನ ಎರಡು ಲಿಥಿಯಮ್ ಕೋಶಗಳಿಂದ ಸುಮಾರು 65 ಲ್ಯೂಮೆನ್ ಬೆಳಕು ಕೊಟ್ಟಿತು. ಅಂಗೈಯಗಲದ ಟಾರ್ಚಿನಿಂದ ಅಷ್ಟು ಬೆಳಕು ಬರುವುದು ಆ ಕಾಲಕ್ಕೆ ಹೊಸತು.

ದೊಡ್ಡ ತಿರುವು ಅರೆವಾಹಕದಿಂದ ಬಂತು. ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಾಕಾಮುರಾ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದರು. ಮೂವರಿಗೂ 2014ರ ಭೌತವಿಜ್ಞಾನದ ನೊಬೆಲ್ ದೊರೆಯಿತು. ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಕು ಸೂಸುವ ಫಾಸ್ಫರ್ ಲೇಪಿಸಿದ ಬಿಳಿ ಎಲ್‌ಇಡಿಯನ್ನು ಜಪಾನಿನ ನಿಚಿಯಾ 1996ರಲ್ಲಿ ಮಾರುಕಟ್ಟೆಗೆ ತಂದಿತು. ಎರಡು ಸೆಲ್ಲಿನ ಹಳೆಯ ಟಾರ್ಚಿನ ಬುರುಡೆಯಿಂದ ಹೊರಬರುತ್ತಿದ್ದುದು ಸುಮಾರು 10 ಲ್ಯೂಮೆನ್. ಇಂದಿನ ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೇ 100 ಲ್ಯೂಮೆನ್ನಿಗಿಂತ ಹೆಚ್ಚು ಬೆಳಕು ಕೊಡಬಲ್ಲದು.

ರಚನೆ

ಟಾರ್ಚಿನ ಭಾಗಗಳು ಐದು: ಒಡಲು, ಕೋಶ, ಗುಂಡಿ, ಬೆಳಕಿನ ಮೂಲ, ಬೆಳಕನ್ನು ತಿದ್ದುವ ಪ್ರತಿಫಲಕ ಅಥವಾ ಮಸೂರ. ಎಲ್‌ಇಡಿ ಟಾರ್ಚಿನಲ್ಲಿ ವಿದ್ಯುತ್ತನ್ನು ಹದದಲ್ಲಿಡುವ ಚಾಲಕ ಮಂಡಲವೂ ಸೇರಿಕೊಳ್ಳುತ್ತದೆ. ಒಡಲು ಪ್ಲಾಸ್ಟಿಕ್ ಆಗಿದ್ದರೆ ಎಲ್‌ಇಡಿಯ ಬಿಸಿ ಹೊರಹೋಗುವುದು ನಿಧಾನ. ಅಲ್ಯೂಮಿನಿಯಮ್ ಆಗಿದ್ದರೆ ಅದೇ ಒಡಲು ಬಿಸಿಯನ್ನು ಹೀರಿ ಗಾಳಿಗೆ ಬಿಡುತ್ತದೆ. ಟ್ಯಾಕ್ಟಿಕಲ್ ಟಾರ್ಚಿನ ಗುಂಡಿ ಸಾಮಾನ್ಯವಾಗಿ ಬಾಲದ ತುದಿಯಲ್ಲಿರುತ್ತದೆ. ಅದನ್ನು ಅರೆ ಒತ್ತಿದರೆ ಹೊತ್ತಿ, ಬಿಟ್ಟೊಡನೆ ಆರುತ್ತದೆ; ಪೂರ್ತಿ ಒತ್ತಿದರೆ ಹೊತ್ತಿಯೇ ಇರುತ್ತದೆ. ಕಣ್ಣು ಕುಕ್ಕುವಂತೆ ಮಿನುಗುವ ವಿಧಾನ ಇವುಗಳಲ್ಲಿ ಸಾಮಾನ್ಯ. ಹೊಲದ ಕೆಲಸಕ್ಕೆ ಅದರಿಂದ ಉಪಯೋಗವಿಲ್ಲ.

ಕೋಶಗಳಲ್ಲಿ ನಾಲ್ಕು ಬಗೆ ಹೆಚ್ಚು ಬಳಕೆಯಲ್ಲಿವೆ: 1.5 ವೋಲ್ಟಿನ ಸತು-ಇಂಗಾಲದ ಸೆಲ್, ಅದೇ ಅಳತೆಯ ಕ್ಷಾರೀಯ ಸೆಲ್, ಮನೆಯಲ್ಲಿ ಚಾರ್ಜ್ ಮಾಡುವ 4 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ, ಸುಮಾರು 3.6 ವೋಲ್ಟಿನ ಲಿಥಿಯಮ್ ಅಯಾನ್ ಕೋಶ. ಕೊನೆಯದನ್ನು 18650 ಎಂಬ ಅಳತೆಯ ಅಂಕಿಯಿಂದಲೇ ಗುರುತಿಸುವುದುಂಟು: 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದ.

ಬೆಳಕಿನ ಪ್ರಮಾಣ

'ಹೆಚ್ಚು ಬೆಳಕು' ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಅಳತೆಗಳು ಅಡಗಿವೆ. ಟಾರ್ಚಿನಿಂದ ಎಲ್ಲ ದಿಕ್ಕಿಗೂ ಸೇರಿ ಹೊರಬರುವ ಒಟ್ಟು ಬೆಳಕಿನ ಮಾನ ಲ್ಯೂಮೆನ್. ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಆ ಬೆಳಕು ಎಷ್ಟು ಒತ್ತಾಗಿದೆ ಎಂಬುದರ, ಅಂದರೆ ತೀವ್ರತೆಯ, ಮಾನ ಕ್ಯಾಂಡೆಲಾ. ಒಂದು ಮೇಲ್ಮೈಯ ಮೇಲೆ ಎಷ್ಟು ಬೆಳಕು ಬಿದ್ದಿದೆ ಎಂಬುದರ, ಅಂದರೆ ಪ್ರದೀಪನದ, ಮಾನ ಲಕ್ಸ್. ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ದೂರ ಇಮ್ಮಡಿಯಾದರೆ ಲಕ್ಸ್ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ವ್ಯಾಟ್ ಬೆಳಕಿನ ಮಾನವಲ್ಲ, ಖರ್ಚಾಗುವ ವಿದ್ಯುತ್ತಿನ ಮಾನ. ಸಂತೆ ಅಂಗಡಿಗಳಲ್ಲಿ ಡಬ್ಬಿಯ ಮೇಲೆ 100 ವ್ಯಾಟ್ ಎಂದು ಅಚ್ಚಾದ ಪುಟ್ಟ ಟಾರ್ಚುಗಳು ಸಿಗುತ್ತವೆ. 2500 ಮಿಲಿ ಆಂಪಿಯರ್-ಗಂಟೆಯ ಒಂದು 18650 ಕೋಶದಲ್ಲಿರುವ ಶಕ್ತಿ ಸುಮಾರು 9 ವ್ಯಾಟ್-ಗಂಟೆ. ನಿಜವಾಗಿಯೂ 100 ವ್ಯಾಟ್ ಎಳೆದರೆ ಅದು ಆರು ನಿಮಿಷದೊಳಗೆ ಬರಿದಾಗಬೇಕು; ಅದಕ್ಕೂ ಮೊದಲೇ ಟಾರ್ಚು ಹಿಡಿಯಲಾರದಷ್ಟು ಕಾಯಬೇಕು. ಅದೇ ಕೋಶದಿಂದ 3 ವ್ಯಾಟ್ ಎಳೆದರೆ ಸುಮಾರು 300 ಲ್ಯೂಮೆನ್ ಬೆಳಕು ಮೂರು ಗಂಟೆಯ ಹೊತ್ತು ಸಿಗುತ್ತದೆ. ಡಬ್ಬಿಯ ಅಂಕಿ ಸಾಧ್ಯವೇ ಎಂದು ತಿಳಿಯಲು ಈ ಭಾಗಾಕಾರ ಸಾಕು.

ಕಣ್ಣು ಬೆಳಕನ್ನು ಗ್ರಹಿಸುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಲ್ಯೂಮೆನ್ ಇಮ್ಮಡಿಯಾದರೆ ಕಣ್ಣಿಗೆ ಬೆಳಕು ಇಮ್ಮಡಿಯಾದಂತೆ ಕಾಣುವುದಿಲ್ಲ. ಹಾಗೆ ಕಾಣಲು ಸುಮಾರು ನಾಲ್ಕು ಪಟ್ಟು ಬೇಕು. 300 ಮತ್ತು 350 ಲ್ಯೂಮೆನ್ನಿನ ಎರಡು ಟಾರ್ಚುಗಳನ್ನು ಒಂದಾದ ಮೇಲೆ ಒಂದು ಹೊತ್ತಿಸಿದರೆ ಬೆಳಕಿನ ಪ್ರಮಾಣದಿಂದ ಅವನ್ನು ಬೇರೆ ಮಾಡುವುದು ಕಷ್ಟ.

ಅಳತೆಯಲ್ಲಿ ಏಕರೂಪತೆ ತರಲು ಅಮೆರಿಕದಲ್ಲಿ 2009ರಲ್ಲಿ ಎಎನ್‌ಎಸ್‌ಐ ಎಫ್‌ಎಲ್ 1 ಎಂಬ ಮಾನಕ ಬಂತು. ಅದರಂತೆ ಲ್ಯೂಮೆನ್ನನ್ನು ಹೊತ್ತಿಸಿದ ಕ್ಷಣದಲ್ಲಿ ಅಳೆಯುವುದಿಲ್ಲ. ಕನಿಷ್ಠ 30 ಸೆಕೆಂಡು ಕಳೆದ ಮೇಲೆ ಅಳೆಯುತ್ತಾರೆ. ಬೆಳಕು ಮೊದಲಿನ ಶೇ. 10ಕ್ಕೆ ಇಳಿಯುವವರೆಗಿನ ಹೊತ್ತು ಅದರ ಬಾಳಿಕೆಯ ಅವಧಿ. ಈ ವ್ಯಾಖ್ಯೆಯಲ್ಲಿ ಒಂದು ಸಡಿಲಿದೆ: ಟಾರ್ಚು ಬಿಸಿಯಾದೊಡನೆ ಚಾಲಕ ಮಂಡಲ ಬೆಳಕನ್ನು ಮೂರನೆಯ ಒಂದು ಪಾಲಿಗೆ ಇಳಿಸಿ ಉಳಿದ ಹೊತ್ತೆಲ್ಲ ಹಾಗೇ ಉರಿಸಿದರೂ ಲೇಬಲ್ಲಿನ ಮೇಲೆ ಮೊದಲ ಲ್ಯೂಮೆನ್ನೂ ಉದ್ದನೆಯ ಅವಧಿಯೂ ಒಟ್ಟಿಗೇ ನಿಲ್ಲುತ್ತವೆ.

ಕಿರಣಪುಂಜ

ಪ್ರತಿಫಲಕವಿರುವ ಟಾರ್ಚಿನ ಬೆಳಕನ್ನು ಗೋಡೆಗೆ ಹಿಡಿದರೆ ಎರಡು ವಲಯ ಕಾಣುತ್ತವೆ. ನಡುವಿನ ಪ್ರಖರ ಚುಕ್ಕೆಗೆ ಇಲ್ಲಿ ನಡುಬೆಳಕು ಎಂದೂ ಸುತ್ತಲಿನ ಮಂದ ಬೆಳಕಿಗೆ ಹರವು ಎಂದೂ ಹೇಳಲಾಗಿದೆ. ನಡುಬೆಳಕು ಪ್ರತಿಫಲಕಕ್ಕೆ ಬಡಿದು ಒಗ್ಗೂಡಿದ ಬೆಳಕು. ಹರವು ಅದಕ್ಕೆ ತಾಗದೆ ನೇರ ಹೊರಬಂದದ್ದು. ಪ್ರತಿಫಲಕ ಅಗಲವೂ ಆಳವೂ ಆಗಿದ್ದು ಎಲ್‌ಇಡಿ ಚಿಕ್ಕದಾಗಿದ್ದಷ್ಟೂ ನಡುಬೆಳಕು ಕಿರಿದಾಗಿ ದೂರ ಹೋಗುತ್ತದೆ. ಪ್ರತಿಫಲಕದ ಮೈ ಕಿತ್ತಳೆಯ ಸಿಪ್ಪೆಯಂತೆ ಉಬ್ಬುತಗ್ಗಾಗಿದ್ದರೆ ಎರಡು ವಲಯಗಳ ಅಂಚು ಮೆತ್ತಗೆ ಬೆರೆಯುತ್ತದೆ. ಬೆಳಕನ್ನು ತನ್ನೊಳಗೇ ಪೂರ್ಣವಾಗಿ ಪ್ರತಿಫಲಿಸುವ ಮಸೂರದಲ್ಲಿ ಈ ಅಂಚು ಇನ್ನೂ ಕಡಿಮೆ. ತಲೆಯನ್ನು ಹಿಂದೆ ಮುಂದೆ ಜರುಗಿಸಿ ಪುಂಜ ಬದಲಿಸುವ ಜೂಮ್ ಟಾರ್ಚುಗಳಲ್ಲಿ ಉಬ್ಬುಮಸೂರವಿರುತ್ತದೆ. ಕಿರಿದು ಮಾಡಿದಾಗ ಎಲ್‌ಇಡಿಯ ಚೌಕಾಕಾರವೇ ಗೋಡೆಯ ಮೇಲೆ ಮೂಡುತ್ತದೆ, ಹರವು ಬಹುತೇಕ ಇಲ್ಲವಾಗುತ್ತದೆ, ಬೆಳಕಿನ ದೊಡ್ಡ ಪಾಲು ಟಾರ್ಚಿನ ಒಳಗೋಡೆಗೇ ಬಡಿದು ವ್ಯರ್ಥವಾಗುತ್ತದೆ.

ಪುಂಜದ ಆಕಾರದಿಂದ ಎಷ್ಟು ವ್ಯತ್ಯಾಸವಾಗುತ್ತದೆಂಬುದನ್ನು ಲೆಕ್ಕದಲ್ಲೇ ನೋಡಬಹುದು. 300 ಲ್ಯೂಮೆನ್ ಬೆಳಕು ಸೋರದೆ, ಸಮನಾಗಿ, 10 ಡಿಗ್ರಿಯ ಶಂಕುವಿನಲ್ಲಿ ಹರಡಿದರೆ ತೀವ್ರತೆ ಸುಮಾರು 12,500 ಕ್ಯಾಂಡೆಲಾ. ಅದೇ 300 ಲ್ಯೂಮೆನ್ 60 ಡಿಗ್ರಿಯಲ್ಲಿ ಹರಡಿದರೆ ಸುಮಾರು 356 ಕ್ಯಾಂಡೆಲಾ. ಎಫ್‌ಎಲ್ 1 ಮಾನಕದ ಪ್ರಕಾರ ಪುಂಜದ ದೂರವೆಂದರೆ ಬೆಳಕು 0.25 ಲಕ್ಸಿಗೆ ಇಳಿಯುವ ದೂರ. ಇದು ನಿರಭ್ರ ಹುಣ್ಣಿಮೆಯ ಬೆಳದಿಂಗಳಿಗೆ ಹತ್ತಿರದ ಬೆಳಕು. ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಈ ದೂರ ಮೀಟರುಗಳಲ್ಲಿ ಬರುತ್ತದೆ. ಮೊದಲನೆಯದಕ್ಕೆ ಸುಮಾರು 224 ಮೀಟರ್, ಎರಡನೆಯದಕ್ಕೆ 38. ಆದರೆ ಟಾರ್ಚಿನಿಂದ ಎರಡು ಮೀಟರ್ ದೂರದ ನೆಲವನ್ನು ನೋಡುವಾಗ ಕಿರಿದಾದ ಪುಂಜ ಬೆಳಗುವುದು ಒಂದು ಗೇಣು ಮಿಕ್ಕಿದ, ಸುಮಾರು 35 ಸೆಂಟಿಮೀಟರಿನ ಬಿಲ್ಲೆಯನ್ನು, ಅಗಲವಾದದ್ದು 2.3 ಮೀಟರನ್ನು. ಲ್ಯೂಮೆನ್ ಎರಡರಲ್ಲೂ ಒಂದೇ.

ಲೇಬಲ್ಲಿನ ದೂರವನ್ನು ಕಣ್ಣಿಗೆ ಕಾಣುವ ದೂರವೆಂದು ತಿಳಿಯಬಾರದು. ಬೆಳದಿಂಗಳಿನಷ್ಟು ಬೆಳಕಿನಲ್ಲಿ 200 ಮೀಟರ್ ಆಚೆ ನಿಂತದ್ದು ದನವೋ ಹಂದಿಯೋ ತಿಳಿಯುವುದಿಲ್ಲ. ಮೂರನೆಯ ಒಂದು ದೂರದಲ್ಲಿ ಬೆಳಕು ಒಂಬತ್ತು ಪಟ್ಟಾಗುವುದರಿಂದ, ಗುರುತು ಹಿಡಿಯುವ ಕೆಲಸಕ್ಕೆ ಅಷ್ಟನ್ನೇ ಎಣಿಸುವುದು ಲೇಸು.

ವರ್ಣತಾಪ

ಬಿಸಿಯಾದ ಕಪ್ಪುಕಾಯ ಯಾವ ಉಷ್ಣತೆಯಲ್ಲಿ ಆ ಬಣ್ಣದ ಬೆಳಕನ್ನು ಸೂಸುತ್ತದೆಯೋ ಆ ಉಷ್ಣತೆಯೇ ಬೆಳಕಿನ ವರ್ಣತಾಪ. ಮಾನ ಕೆಲ್ವಿನ್. ಹಣತೆ, ಮೇಣದ ಬತ್ತಿಗಳ ಬೆಳಕು ಸುಮಾರು 1900 ಕೆಲ್ವಿನ್, ತಂತಿಯ ಬುರುಡೆಯದು 2700 ಆಸುಪಾಸು, ನಡುಹಗಲಿನ ಬಿಸಿಲು 5500ರ ಹತ್ತಿರ, ಅಗ್ಗದ ಬಿಳಿ ಎಲ್‌ಇಡಿ ಹಲವು ವೇಳೆ 6500ಕ್ಕೂ ಮೇಲೆ. ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿಯತ್ತ ವಾಲುತ್ತದೆ, ರೂಢಿಯಲ್ಲಿ ಅದಕ್ಕೆ ತಂಪು ಬಿಳಿ ಎಂಬ ಹೆಸರು; ಕಡಿಮೆ ಅಂಕಿಯ ಹಳದಿ ಬೆಳಕು ಬೆಚ್ಚನೆಯ ಬಿಳಿ. 4000ರಿಂದ 5000ದ ನಡುವಿನದು ತಟಸ್ಥ ಬಿಳಿ.

ತಂಪು ಬಿಳಿ ಹೆಚ್ಚು ದೂರ ಹೋಗುತ್ತದೆಂಬ ನಂಬಿಕೆ ಸರಿಯಲ್ಲ. ದೂರವನ್ನು ತೀರ್ಮಾನಿಸುವುದು ಕ್ಯಾಂಡೆಲಾ. ನೀಲಿಯನ್ನು ಹಳದಿ ಕೆಂಪುಗಳಾಗಿ ಬದಲಿಸುವಾಗ ಫಾಸ್ಫರಿನಲ್ಲಿ ಶಕ್ತಿ ನಷ್ಟವಾಗುವುದರಿಂದ ಅದೇ ಎಲ್‌ಇಡಿ ತಂಪು ಬಿಳಿಯಲ್ಲಿ ಸ್ವಲ್ಪ ಹೆಚ್ಚು ಲ್ಯೂಮೆನ್ ಕೊಡುತ್ತದೆ. ತಯಾರಕರಿಗೆ ಅದು ಇಷ್ಟವಾಗಲು ಕಾರಣ ಇಷ್ಟೆ.

ವರ್ಣತಾಪದೊಂದಿಗೆ ಗೊಂದಲವಾಗುವ ಇನ್ನೊಂದು ಗುಣ ವರ್ಣನಿಷ್ಠೆ: ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆಂಬುದು. ಇದನ್ನು 100ಕ್ಕೆ ಹೋಲಿಸಿ ಸೂಚಿಸುತ್ತಾರೆ. ತಂತಿಯ ಬುರುಡೆಯದು 100ಕ್ಕೆ ಹತ್ತಿರ, ಸಾಮಾನ್ಯ ತಂಪು ಎಲ್‌ಇಡಿಯದು 70ರ ಆಸುಪಾಸು. ಕೆಂಪು ಕಡಿಮೆಯಿರುವ ಬೆಳಕಿನಲ್ಲಿ ಕಂದು, ಕೆಂಪು, ಒಣಹುಲ್ಲಿನ ಬಣ್ಣಗಳು ಒಂದರೊಳಗೊಂದು ಬೆರೆತು ಬೂದಿಯಾಗುತ್ತವೆ. ಎಲೆಯ ಹಳದಿ ರೋಗ, ಎತ್ತಿನ ಗಾಯದ ರಕ್ತ, ಕಲ್ಲಿನ ಮೇಲಿನ ಹಾವು ಇವು ಬೇರೆಯಾಗಿ ಕಾಣಲು ವರ್ಣನಿಷ್ಠೆ 90 ದಾಟಿದ ತಟಸ್ಥ ಬಿಳಿ ಹೆಚ್ಚು ಅನುಕೂಲ.

ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು; ಪ್ರಖರ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಕಡುಗೆಂಪು ಮಂದ ಬೆಳಕು ರಾತ್ರಿದೃಷ್ಟಿಯ ಜೀವಕೋಶಗಳನ್ನು ಅಷ್ಟಾಗಿ ತಾಕುವುದಿಲ್ಲವೆಂದು ಸೇನೆಯವರು, ಆಕಾಶವೀಕ್ಷಕರು ಅದನ್ನು ಬಳಸುತ್ತಾರೆ. ನೀಲಿ ಹೆಚ್ಚಿರುವ ಬೆಳಕಿಗೆ ಹುಳಹುಪ್ಪಟೆ ಹೆಚ್ಚು ಮುತ್ತುವುದು ಮಳೆಗಾಲದಲ್ಲಿ ತಲೆಗೆ ಬ್ಯಾಟರಿ ಕಟ್ಟಿಕೊಂಡವರೆಲ್ಲರ ಅನುಭವ.

ನಾಲ್ಕು ತಾಲೂಕುಗಳಲ್ಲಿ ಬಳಕೆ

ಈ ಪ್ರದೇಶದಲ್ಲಿ ಟಾರ್ಚಿನ ಮುಖ್ಯ ಬಳಕೆ ಬೇಸಾಯಕ್ಕೆ ಸೇರಿದ್ದು. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ, 1972ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ರೇಣುಕಾ ಸಾಗರ ಜಲಾಶಯ, ಹೊಳೆದಂಡೆಯ ಪಂಪುಗಳು, ಕೊಳವೆಬಾವಿಗಳು ಇಲ್ಲಿನ ನೀರಾವರಿಯ ಆಧಾರ. ವಿದ್ಯುತ್ ವಿತರಣಾ ಕಂಪನಿ ಹೆಸ್ಕಾಂ ಪಂಪ್‌ಸೆಟ್ಟುಗಳಿಗೆ ಕೊಡುವ ತ್ರೀ ಫೇಸ್ ವಿದ್ಯುತ್ತು ದಿನಕ್ಕೆ ಕೆಲವು ತಾಸು ಮಾತ್ರ, ಅದೂ ಹಗಲು ರಾತ್ರಿಗಳಿಗೆ ಹಂಚಿಕೆಯಾಗಿ ಬರುವುದರಿಂದ ಕಬ್ಬು, ಗೋವಿನಜೋಳಗಳಿಗೆ ನೀರು ಹಾಯಿಸುವ ಕೆಲಸ ನಡುರಾತ್ರಿಗೆ ಬೀಳುತ್ತದೆ. ಒಂದು ಕೈಯಲ್ಲಿ ಸಲಿಕೆ, ಬದುವಿನ ಮೇಲೆ ನಡಿಗೆ, ಮಡೆ ತಿರುವುವ ಕೆಲಸ. ಇಲ್ಲಿ ಬೇಕಾದದ್ದು ಹರವಿನ ಪುಂಜ, 100ರಿಂದ 200 ಲ್ಯೂಮೆನ್, ರಾತ್ರಿಯಿಡೀ ಬರುವ ಕೋಶ. ಎರಡೂ ಕೈಗೆ ಬಿಡುವು ಕೊಡುವ ತಲೆದೀಪ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ನೆಲದ ಬಣ್ಣವೂ ಬೆಳಕಿನ ಲೆಕ್ಕವನ್ನು ಬದಲಿಸುತ್ತದೆ. ಬೈಲಹೊಂಗಲ, ಸವದತ್ತಿಗಳ ಎರೆಭೂಮಿ ತೊಯ್ದಾಗ ತನ್ನ ಮೇಲೆ ಬಿದ್ದ ಬೆಳಕಿನ ಹತ್ತನೆಯ ಒಂದು ಪಾಲು ಇಲ್ಲವೆ ಅದಕ್ಕೂ ಕಡಿಮೆಯನ್ನು ಹಿಂದಿರುಗಿಸುತ್ತದೆ. ಒಣಗಿದ ಜೋಳದ ಕೂಳೆ, ಮಸಾರಿ ನೆಲ ಅದರ ಎರಡು ಮೂರು ಪಟ್ಟು ಹಿಂದಿರುಗಿಸಬಲ್ಲವು. ಬೇಸಿಗೆಯ ಮಸಾರಿಯಲ್ಲಿ ಸಾಕೆನಿಸಿದ ಟಾರ್ಚು ನೀರು ಹಾಯ್ದ ಎರೆಯಲ್ಲಿ ಮಂಕಾಗಿ ಕಂಡರೆ ಅದು ಸೆಲ್ಲಿನ ದೋಷವಾಗಿರಬೇಕಿಲ್ಲ.

ಹಾವು ಕಾಣುವುದು ಟಾರ್ಚಿನ ಅತಿ ಮುಖ್ಯ ಉಪಯೋಗ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕು ದೇಶದಲ್ಲಿ ಹೆಚ್ಚು ಸಾವಿಗೆ ಕಾರಣವಾದ ವಿಷದ ಹಾವುಗಳು. ಗರಗಸಮಂಡಲ ಕಲ್ಲುಮಿಶ್ರಿತ ಒಣನೆಲದ, ಗಿಡ್ಡನೆಯ, ಕಂದುಬಣ್ಣದ ಹಾವು. ಸವದತ್ತಿ ರಾಮದುರ್ಗಗಳ ಮರಳುಗಲ್ಲಿನ ಗುಡ್ಡಗಳಂಥ ನೆಲದಲ್ಲಿ ಅದು ಬಣ್ಣದಿಂದ ಮರೆಯಾಗುತ್ತದೆ. ನಾಯಿ, ಬೆಕ್ಕು, ದನಗಳ ಕಣ್ಣು ಟಾರ್ಚಿನ ಬೆಳಕಿಗೆ ಹೊಳೆಯಲು ಕಣ್ಣಿನ ಹಿಂಬದಿಯ ಪ್ರತಿಫಲಿಸುವ ಪದರ ಕಾರಣ. ಹಾವಿಗೆ ಆ ಪದರವಿಲ್ಲ. ದೂರದಿಂದ ಕಣ್ಣ ಹೊಳಪು ಕಂಡು ಎಚ್ಚರಾಗುವ ಅವಕಾಶ ಇಲ್ಲವಾದ್ದರಿಂದ ಹೆಜ್ಜೆಯ ಸುತ್ತಲಿನ ಎರಡು ಮೂರು ಮೀಟರನ್ನು ಬೆಳಗುವ ಹರವು, ಕಂದಿನ ಛಾಯೆಗಳನ್ನು ಬಿಡಿಸಿ ತೋರುವ ವರ್ಣನಿಷ್ಠೆ, ಇವೆರಡೇ ಆಸರೆ. ಜೂಮ್ ಟಾರ್ಚನ್ನು ಕಿರಿದು ಮಾಡಿ ನಡೆಯುವುದು ಈ ದೃಷ್ಟಿಯಿಂದ ಅಪಾಯ.

ಬೆಳೆ ಕಾಯುವ ಕೆಲಸಕ್ಕೆ ಹರವಿಗೆ ವಿರುದ್ಧವಾದ ಗುಣ ಬೇಕು. ಮಲೆನಾಡಿನ ಅಂಚಿಗಿರುವ ಕಿತ್ತೂರಿನ ಕಡೆ ಕಾಡುಹಂದಿಯಿಂದ ಬೆಳೆ ಕಾಯಲು ಅಟ್ಟದಿಂದ ಹೊಲದ ಕೊನೆಯವರೆಗೆ ಬೆಳಕು ಹೋಗಬೇಕು. 10,000 ಕ್ಯಾಂಡೆಲಾಗಿಂತ ಮೇಲಿನ ಕಿರಿದಾದ ಪುಂಜ, ಅಂದರೆ ಟ್ಯಾಕ್ಟಿಕಲ್ ಬಗೆಯದು, ಇಲ್ಲಿ ಸಾರ್ಥಕ. ಹಂದಿಗೂ ಕಣ್ಣಿನಲ್ಲಿ ಆ ಪ್ರತಿಫಲನ ಪದರವಿಲ್ಲ, ಅದನ್ನು ಮೈಯ ಆಕಾರದಿಂದಲೇ ಗುರುತಿಸಬೇಕು. ಹೊಲದಲ್ಲಿ ಕುರಿ ತರುಬುವ ಕುರಿಗಾರರಿಗೆ ತೋಳದ ವಿಷಯದಲ್ಲಿ ಈ ತೊಂದರೆಯಿಲ್ಲ; ತೋಳದ ಕಣ್ಣು ದೂರದಿಂದಲೇ ಮಿನುಗುತ್ತದೆ. ಕಣ್ಣ ಹೊಳಪು ಬೆಳಕು ಬಂದ ದಾರಿಯಲ್ಲೇ ಹಿಂದಿರುಗುವುದರಿಂದ ಟಾರ್ಚನ್ನು ನೋಡುವವನ ಕಣ್ಣಿನ ಹತ್ತಿರ ಹಿಡಿದಾಗ ಅದು ಸ್ಪಷ್ಟ.

ಮಂಜು, ಜಿಟಿಜಿಟಿ ಮಳೆಯಲ್ಲಿ ಹಿಡಿಯುವ ರೀತಿ ತಿರುಗುಮುರುಗಾಗುತ್ತದೆ. ಹನಿಗಳು ಚದುರಿಸಿದ ಬೆಳಕು ಕಣ್ಣಿಗೆ ಮರಳಿ ಪರದೆ ಕಟ್ಟಿದಂತಾಗುವುದನ್ನು ತಪ್ಪಿಸಲು ಟಾರ್ಚನ್ನು ಸೊಂಟದ ಕೆಳಗೆ ಹಿಡಿಯಬೇಕು; ತಲೆದೀಪ ಆಗ ಅನಾನುಕೂಲ. ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬ ಮಾತಿಗೆ ಆಧಾರ ಕಡಿಮೆ. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಯಲ್ಲೂ ಕಾಲುನಡಿಗೆಯಲ್ಲೂ ಬರುವ ಜನ ರಾತ್ರಿ ಪಯಣಕ್ಕೆ ಟಾರ್ಚು ಒಯ್ಯುತ್ತಾರೆ. ಜನಸಂದಣಿಯಲ್ಲಿ ತೀವ್ರವಾದ ಪುಂಜ ಎದುರಿನವರ, ಎತ್ತುಗಳ ಕಣ್ಣು ಕುಕ್ಕುತ್ತದೆ. ಮಂದವಾದ ಹರವೇ ಅಲ್ಲಿಗೆ ತಕ್ಕದ್ದು.

ಇಂದಿನ ಸ್ಥಿತಿ

ತಂತಿ ಬುರುಡೆಯ ಟಾರ್ಚು ಮಾರುಕಟ್ಟೆಯಿಂದ ಬಹುತೇಕ ಮರೆಯಾಗಿದೆ. ಮೊಬೈಲಿನ ದೀಪ ಮನೆ ಅಂಗಳದ ಬಳಕೆಯನ್ನು ಕಿತ್ತುಕೊಂಡಿದೆ. ಪ್ರತಿಫಲಕವಿಲ್ಲದ ಆ ದೀಪದ ಪುಂಜ ತೀರ ಅಗಲ, ಕೆಲವೇ ಮೀಟರುಗಳಾಚೆ ಬೆಳಕು ಉಳಿಯದು. ಹೊಲದ ಕೆಲಸಕ್ಕೆ ಚಾರ್ಜ್ ಮಾಡುವ ಎಲ್‌ಇಡಿ ಟಾರ್ಚು ಮತ್ತು ತಲೆದೀಪಗಳೇ ಈಗ ರೂಢಿ. ಹಳೆಯ ಸೀಸ-ಆಮ್ಲ ಬ್ಯಾಟರಿಗಳು ಲಿಥಿಯಮ್ಮಿಗೆ ಜಾಗ ಬಿಟ್ಟುಕೊಡುತ್ತಿವೆ. ಬಳಸಿ ಮುಗಿದ ಎರಡೂ ಬಗೆಯನ್ನು ತಯಾರಕರು ಮರಳಿ ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸಬೇಕೆಂಬ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿವೆ.

ಲೇಬಲ್ಲಿನಲ್ಲಿ ವ್ಯಾಟ್ ಮತ್ತು ದೂರಗಳ ಅಂಕಿ ಕಾಣುವಷ್ಟು ಕ್ಯಾಂಡೆಲಾ, ಕೆಲ್ವಿನ್ ಮತ್ತು ವರ್ಣನಿಷ್ಠೆಯ ಅಂಕಿಗಳು ಕಾಣುವುದಿಲ್ಲ. ಅವಿಲ್ಲದಿದ್ದಾಗ ಅಂಗಡಿಯಲ್ಲೇ ಎರಡು ಟಾರ್ಚುಗಳನ್ನು ಒಂದೇ ಅಂತರದಿಂದ ಬಿಳಿ ಗೋಡೆಗೆ ಹಿಡಿದು ನಡುಬೆಳಕಿನ ಅಳತೆ, ಹರವಿನ ಅಗಲಗಳನ್ನು ಹೋಲಿಸಬಹುದು. ಬೆಳಕನ್ನು ಅಂಗೈಯ ಮೇಲೆ ಬಿಟ್ಟು ಚರ್ಮದ ಕೆಂಪು ಸಹಜವಾಗಿ ಕಾಣುತ್ತದೆಯೇ ನೋಡಿ ವರ್ಣನಿಷ್ಠೆಯನ್ನು ಅಂದಾಜಿಸಬಹುದು. ಗೋಡೆಯ ಮೇಲಿನ ಪ್ರಖರತೆಗೆ ಮಾತ್ರ ಮರುಳಾಗಬಾರದು. ಕಿರಿದಾದ ಪುಂಜ ಅಲ್ಲಿ ಯಾವಾಗಲೂ ಗೆಲ್ಲುತ್ತದೆ.

ಕೃಷಿ ಫೀಡರುಗಳಿಗೆ ಸೌರವಿದ್ಯುತ್ತು ಜೋಡಿಸಿ ಪಂಪುಗಳಿಗೆ ಹಗಲಿನಲ್ಲೇ ವಿದ್ಯುತ್ತು ಕೊಡುವುದು 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಉದ್ದೇಶಗಳಲ್ಲೊಂದು. ಕರ್ನಾಟಕದಲ್ಲೂ ಅದು ಜಾರಿಗೆ ಬಂದಿದೆ. ಅದು ವ್ಯಾಪಿಸಿದಲ್ಲಿ ನಡುರಾತ್ರಿ ನೀರು ಹಾಯಿಸುವ ಕೆಲಸ ಕಡಿಮೆಯಾಗಿ, ಹರವಿನ ಟಾರ್ಚಿನ ಅಗತ್ಯವೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಹಂದಿ ಕಾಯುವವರ ದೂರದ ಪುಂಜದ ಅಗತ್ಯಕ್ಕೆ ಇದರಿಂದ ಬದಲಾವಣೆಯಿಲ್ಲ.